ಎರಡನೇ ಸಲ ಕೇಳದ ಊರು

ಮೊನ್ನೆ ಮೇಲಿನ ಕೋಣೆ ತೆರವು ಮಾಡುವಾಗ ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಮುಚ್ಚಳ ತೆಗೆದರೆ ಅಗಸಿ ಹಿಂಡಿಯ ವಾಸನೆ ಮುಖಕ್ಕೆ ಬಡಿಯಿತು. ವರ್ಷವಾಗಿದೆ. ಬಿಸಿಲಿಗೆ ಇಟ್ಟದ್ದಾಯಿತು, ಒಳಗೆ ಕರ್ಪೂರ ಹಾಕಿದ್ದಾಯಿತು, ಹೋಗಿಲ್ಲ. ಹುರಿದ ಅಗಸಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಕುಟ್ಟಿ ಮಾಡುವ ಆ ಚಟ್ನಿಪುಡಿಯ ವಾಸನೆಗೆ ನನಗೆ ಬಾಯಲ್ಲಿ ನೀರೂರಬೇಕು. ಸೂಟ್‌ಕೇಸಿನಿಂದ ಬಂದಾಗ ಮಾತ್ರ ಕಿವಿ ಬಿಸಿಯಾಗುತ್ತದೆ. ಕೋಣೆಯಲ್ಲಿ ಯಾರೂ ಇರಲಿಲ್ಲ, ಆದರೂ ಯಾರಾದರೂ ನೋಡಿಬಿಟ್ಟರೇನೋ ಎಂಬಂತೆ ಮುಚ್ಚಳ ಮುಚ್ಚಿ ಹಿಂದೆ ತಿರುಗಿ ನೋಡಿದೆ.

ಆ ಹಿಂಡಿ ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ಎಂಬ ಹಳೆಯ ಊರಿಗೆ ನಮ್ಮ ಜೊತೆ ಬಂದಿತ್ತು. ಎರಡು ದಿನ ಇರುತ್ತೇವೆ ಎಂದು ಹೇಳಿ ಹೋದವರು ನಾವು. ಒಯ್ದದ್ದು ಒಂದು ತಿಂಗಳಿಗೆ ಸಾಲುವಷ್ಟು. ನನ್ನ ನಾಚಿಕೆಯೆಲ್ಲ ಈ ಎರಡು ಮಾತಿನ ನಡುವೆ ಇದೆ, ಆದರೆ ಅದು ಅರ್ಥವಾಗಬೇಕಾದರೆ ಅದಕ್ಕೂ ಹಿಂದಿನ ಮಳೆಗಾಲದಿಂದ ಹೇಳಬೇಕು.

ನಾನು ಜಮಖಂಡಿಯ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಗಂಡ ಈರಣ್ಣನದು ಹೊಳೆದಂಡೆಯ ಹೊಲ, ಕಬ್ಬು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಆ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಚಿಕ್ಕಪಡಸಲಗಿಯ ಬ್ಯಾರೇಜ್ ನೋಡಲು ಒಬ್ಬ ಡಚ್ ಹೆಂಗಸು ಬಂದಳು. ಕೃಷ್ಣೆಗೆ ರೈತರೇ ಸೇರಿ ಕಟ್ಟಿಕೊಂಡ ಒಡ್ಡು ಅದು, ನಮಗೆ ದಿನಾ ಕಣ್ಣಿಗೆ ಬೀಳುವ ಕಲ್ಲು ಸಿಮೆಂಟು. ನೀರು ಕಾಯುವ ಕೆಲಸವೇ ಅವಳ ಉದ್ಯೋಗವಾದ್ದರಿಂದ ಅದನ್ನು ನೋಡಲು ಸಮುದ್ರ ದಾಟಿ ಬಂದಿದ್ದಳು. ಹೆಚ್ಚುಕಡಿಮೆ ನನ್ನದೇ ವಯಸ್ಸು, ಐವತ್ತರ ಆಸುಪಾಸು. ಹೆಸರು ಯಾನ್ನೆಕೆ. ಅತ್ತೆಗೆ ಅದು ಬಾಯಿಗೆ ಕೂಡಲಿಲ್ಲ, ಮರುದಿನವೇ ಜಾನಕ್ಕ ಎಂದು ಮಾಡಿಕೊಂಡರು. ಇಂಗ್ಲಿಷ್ ಮಾತಾಡುವವರು ಮನೆಯಲ್ಲಿದ್ದಾರೆಂದು ಈರಣ್ಣ ಅವಳನ್ನು ಬೈಕ್ ಮೇಲೆ ಕೂರಿಸಿಕೊಂಡು ಬಂದ. "ಎರಡ ದಿನದ ಮಾತ," ಎಂದ.

ಎರಡು ದಿನ ಕಳೆದು ಅವಳು ಚೀಲ ಕಟ್ಟಿದಳು. ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಅಯ್ಯ, ಈಗರ ಬಂದೀರಿ. ಇನ್ನೆರಡ ದಿನ ಇದ್ದ ಹೋಗ್ರಿ." ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ, ಅಭ್ಯಾಸದಂತೆ ಸ್ವಲ್ಪ ಸಕ್ಕರೆಯನ್ನೂ ಬೆರೆಸಿ ಹೇಳಿದೆ. ಅವಳ ಮುಖ ಅರಳಿತು. ಆಗಲಿ ಎಂದಳು. ಚೀಲ ಬಿಚ್ಚಿದಳು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಟವರನ್ನು ಸುಮ್ಮನೆ ಹೊರಡಲು ಬಿಡುವುದೆಂದರೆ ಕತ್ತು ಹಿಡಿದು ಹೊರಗೆ ಹಾಕಿದಂತೆ. ಬೀಳಗಿಯ ನನ್ನ ಅಕ್ಕನ ಮನೆಗೆ ಹೋದರೆ ಹೊರಡುವ ದಿನ ಬ್ಯಾಗು ಕೀಲಿ ಹಾಕಿದ ಒಳಕೋಣೆಯಲ್ಲಿ ಇರುತ್ತದೆ, ಚಪ್ಪಲಿ ದನದ ಕೊಟ್ಟಿಗೆಯಲ್ಲಿ. ಒಮ್ಮೆ ಇರಿ ಎನ್ನುತ್ತಾರೆ, ಇಲ್ಲ ಎನ್ನಬೇಕು. ಮತ್ತೊಮ್ಮೆ ಎನ್ನುತ್ತಾರೆ, ಮತ್ತೂ ಇಲ್ಲ ಎನ್ನಬೇಕು. ಮೂರನೇ ಸಲಕ್ಕೆ ಇರುವವರು ಇರುತ್ತಾರೆ, ಹೋಗುವವರು ಹೋಗುತ್ತಾರೆ, ಯಾವ ಸಲದ ಮಾತು ನಿಜವೆಂದು ಇಬ್ಬರಿಗೂ ಗೊತ್ತಿರುತ್ತದೆ. ಮೊದಲನೇ ಸಲಕ್ಕೇ ಆಗಲಿ ಎಂದವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಎರಡು ದಿನಕ್ಕೊಮ್ಮೆ ಅವಳು ಚೀಲ ಕಟ್ಟುವುದು, ಅತ್ತೆ ಇರ್ರಿ ಅನ್ನುವುದು, ಅವಳು ಬಿಚ್ಚುವುದು. ಒಂದು ದಿನ ಅತ್ತೆ ಅವಳ ಒಂದು ಬೂಟನ್ನು ನೀರಿನ ಟಾಕಿಯ ಹಿಂದೆ ಅಡಗಿಸಿಟ್ಟರು. ಹುಡುಕಿ ಅದು ಸಿಕ್ಕಾಗ ಯಾನ್ನೆಕೆಯ ಕಣ್ಣಲ್ಲಿ ನೀರು. ಇಷ್ಟು ಪ್ರೀತಿಯಿಂದ ತನ್ನನ್ನು ಯಾರೂ ತಡೆದಿರಲಿಲ್ಲ ಎಂದಳು. ಅತ್ತೆ ಕೇಳಿದರು, "ಏನಂತಾಳ?" ನಾನು ಹೇಳಲಿಲ್ಲ.

ಆ ವರ್ಷ ನಮ್ಮಲ್ಲಿ ಮಳೆ ಅಷ್ಟಕ್ಕಷ್ಟೇ, ಆದರೆ ಮಹಾರಾಷ್ಟ್ರದಲ್ಲಿ ಸುರಿದದ್ದೆಲ್ಲ ಕೃಷ್ಣೆಗೆ ಬಂತು. ಕೆಂಪು ನೀರು ಕಬ್ಬಿನ ನಡುವೆ ನುಗ್ಗಿತು, ದಂಡೆಯ ಹಾದಿಗಳು ಮುಚ್ಚಿದವು. ಈರಣ್ಣ ಬೆಳಿಗ್ಗೆ ಹೋದರೆ ಸಂಜೆ ಕೆಸರಾಗಿ ಬರುತ್ತಿದ್ದ. ಯಾನ್ನೆಕೆ ಅವನ ಜೊತೆ ಹೋಗಿ ನೀರು ಎಲ್ಲಿಯವರೆಗೆ ಏರಿದೆ ಎಂದು ನೋಡಿ, ಊರಿನವರನ್ನು ಮಾತಾಡಿಸಿ ಬರುತ್ತಿದ್ದಳು. ನನಗೋ ಮನೆಯಲ್ಲಿ ತಲೆಬಿಸಿ. ಇರುವುದು ಒಂದೇ ಬಚ್ಚಲು, ನನಗೆ ಶಾಲೆಯ ಹೊತ್ತು. ಅವಳಿಗೆ ಖಾರವಿಲ್ಲದ ಬೇಳೆ ಬೇರೆ ಮಾಡಬೇಕು. ಒಂದು ಬೆಳಿಗ್ಗೆ ಒಲೆ ಮುಂದೆ ಸಿಡುಕಿದೆ.

"ಇನ್ನರ ಸುಮ್ಮನಿರ್ರಿ ಅತ್ತಿ. ಇರ್ರಿ ಅಂತ ಅನಬ್ಯಾಡ್ರಿ. ಆಕಿ ಖರೇನ ಇರ್ತಾಳ."

"ಬಾಯಿಗಿ ಬಂದಬಿಡತೈತಿ, ಏನ ಮಾಡ್ಲಿ?" ಅತ್ತೆ ರೊಟ್ಟಿ ತಟ್ಟುತ್ತಲೇ ಹೇಳಿದರು. "ನೀ ಏನ ಕಡಿಮಿ ಅಂತಿ? ಇಂಗ್ಲೀಷಿನ್ಯಾಗ ಇನ್ನೂ ಉದ್ದ ಹೇಳ್ತಿ."

ಅದು ನಿಜ. ನಾನು ಹಾಗೆ ಸಿಡುಕಿ ಹೊರಗೆ ಬಂದು ಅವಳಿಗೆ ಚಹಾ ಕೊಡುತ್ತ, ನೀನು ಇದ್ದರೆ ಮನೆ ತುಂಬಿದಂತಿದೆ ಎಂದಿದ್ದೆ. ಯಾಕೆ ಎಂದರೆ ಯಾಕೂ ಇಲ್ಲ, ಹಾಗೆ ಹೇಳುತ್ತಾರೆ.

ನಮ್ಮ ಹಿತ್ತಲಲ್ಲಿ ಈರಣ್ಣನ ಹಳೆಯ ಸೈಕಲ್ ಇತ್ತು. ಒಂದು ಸಂಜೆ ಅದನ್ನು ನೋಡಿ, ನಿನಗೆ ಸೈಕಲ್ ಬರುತ್ತದೆಯೇ ಎಂದು ಯಾನ್ನೆಕೆ ಕೇಳಿದಳು. ಇಲ್ಲ ಎಂದೆ. ಕಲಿಸಲೇ ಎಂದಳು. ಛೇ, ಈ ವಯಸ್ಸಿನಲ್ಲಿ ಯಾಕೆ, ಬೇಡ ಎಂದೆ. ಆಗಲಿ ಎಂದು ಬೇರೆ ಮಾತು ತೆಗೆದಳು. ನನಗೆ ಬೇಕಿತ್ತು. ಹುಡುಗಿಯಾಗಿದ್ದಾಗ ಮುಧೋಳದಲ್ಲಿ ಅಣ್ಣಂದಿರು ಸೈಕಲ್ ಹೊಡೆಯುವಾಗ ಕಟ್ಟೆಯ ಮೇಲೆ ಕೂತು ನೋಡಿದವಳು ನಾನು. ಅವಳು ಮತ್ತೊಮ್ಮೆ ಕೇಳುತ್ತಾಳೆಂದು ಮರುದಿನ ಕಾದೆ, ಅದರ ಮರುದಿನವೂ ಕಾದೆ. ಸೈಕಲ್ಲಿನ ಹತ್ತಿರ ಬಟ್ಟೆ ಒಣಹಾಕುವ ನೆಪದಲ್ಲಿ ಸುಳಿದಾಡಿದೆ. ಆ ಹೆಂಗಸು ಕೇಳಲೇ ಇಲ್ಲ. ಕೊನೆಗೆ ನಾನೇ ಮಾನ ಬಿಟ್ಟು ಹೇಳಿದೆ, ಕಲಿಸುತ್ತೀಯಾ ಎಂದು. ನೀನು ಬೇಡ ಅಂದಿದ್ದೆಯಲ್ಲ ಎಂದು ಆಶ್ಚರ್ಯದಿಂದ ನೋಡಿದಳು. ಅವಳಿಗೆ ಬೇಡ ಎಂದರೆ ಬೇಡ ಎಂದು ನನಗೆ ಅವತ್ತೇ ತಿಳಿಯಬೇಕಿತ್ತು. ತಿಳಿದೂ ಇತ್ತು. ತಿಳಿದದ್ದನ್ನು ಮುಂದೆ ಬಳಸಲಿಲ್ಲ ಅಷ್ಟೇ.

ಮಕ್ಕಳು ಮನೆಗೆ ಹೋದ ಮೇಲೆ ಶಾಲೆಯ ಮೈದಾನದಲ್ಲಿ ಪಾಠ. ಮಳೆ ಬಿಟ್ಟುಬಿಟ್ಟು ಬರುತ್ತಿತ್ತು, ಎರೆಮಣ್ಣು ಗಾಲಿಗೆ ಮೆತ್ತಿಕೊಳ್ಳುತ್ತಿತ್ತು. ಅವಳು ಹಿಂದಿನಿಂದ ಸೀಟು ಹಿಡಿದು ಓಡುವುದು, ನಾನು ಕೂಗುವುದು. ಬಿದ್ದು ಮೊಣಕಾಲು ಕೆತ್ತಿಕೊಂಡೆ. ಕಾಂಪೌಂಡಿನ ಆಚೆ ನಿಂತವರು ನಕ್ಕರು, ನಾನು ಅವರ ಕಡೆ ಕ್ಲಾಸಿನಲ್ಲಿ ನೋಡುವಂತೆ ನೋಡಿದೆ. ಒಂದು ದಿನ ಬೇವಿನ ಗಿಡದ ತನಕ ಹೋಗಿ, ಇಳಿಯಲು ಬಾರದೆ ಗಿಡವನ್ನೇ ತಬ್ಬಿಕೊಂಡು ಹಿಂದೆ ನೋಡಿದರೆ, ಯಾನ್ನೆಕೆ ಅಲ್ಲೇ ಮೈದಾನದ ನಡುವೆ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. ಯಾವಾಗಲೋ ಕೈ ಬಿಟ್ಟಿದ್ದಳು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವಳು, ನಾಳೆ ಹೊರಡಬೇಕು ಎಂದಳು. ಅತ್ತೆ ಬಾಯಿ ತೆಗೆಯುವ ಮೊದಲೇ ನಾನು ಹೇಳಿದೆ, ಇನ್ನೆರಡು ದಿನ ಇರು. ಹೇಳಿ, ಎಲ್ಲಿ ಇಲ್ಲ ಎನ್ನುತ್ತಾಳೋ ಎಂದು ತುತ್ತು ಕೈಯಲ್ಲೇ ಹಿಡಿದು ಕಾದೆ. ಆಗಲಿ ಎಂದಳು.

ಹೊಳೆ ಇಳಿದು, ಮಹಾನವಮಿ ಹತ್ತಿರ ಬಂದಾಗ ಅವಳು ನಿಜವಾಗಿ ಹೊರಟಳು. ರಬಕವಿ ಬನಹಟ್ಟಿಯಿಂದ ತಂದ ಸೀರೆ ಕೊಟ್ಟೆವು. ಬಸ್ಸಿನ ಕಿಟಕಿಯಿಂದ ನನ್ನ ಕೈ ಹಿಡಿದು, ಡೆಲ್ಫ್ಟಿಗೆ ಬಾ, ನನ್ನ ಮನೆ ಮುಂದಿನ ಕಾಲುವೆಯ ಪಕ್ಕದಿಂದ ಹೊರಟು ಸಮುದ್ರದ ತನಕ ಸೈಕಲ್ ಮೇಲೆ ಹೋಗೋಣ ಎಂದಳು. ಆ ಮಾತು ನನ್ನನ್ನು ಹಿಡಿದುಕೊಂಡಿತು. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುವಾಗ, ಪರೀಕ್ಷೆಯ ಪೇಪರ್ ತಿದ್ದುವಾಗ, ನಾನು ಆ ಕಾಲುವೆಯ ಪಕ್ಕ ಹೋಗುತ್ತಲೇ ಇದ್ದೆ. ಯಾರಿಗೂ ಹೇಳಿರಲಿಲ್ಲ.

ಮರುವರ್ಷ ಬೇಸಿಗೆಗೆ ಈರಣ್ಣನ ಕಬ್ಬು ಬೆಳೆಗಾರರ ಗುಂಪು ನೆದರ್‌ಲ್ಯಾಂಡ್ಸಿಗೆ ಹೊಲ ತೋಟ ನೋಡಲು ಹೊರಟಿತು, ಹೆಂಡತಿಯರೂ ಬರಬಹುದೆಂದಾಯಿತು. ಗುಂಪು ಊರಿಗೆ ಹೊರಟ ಮೇಲೆ ನಾವಿಬ್ಬರು ಹಿಂದೆ ಉಳಿದು, ಡೆಲ್ಫ್ಟಿಗೆ ಹೋಗಿ ಒಂದು ತಿಂಗಳು ಇರುವುದೆಂದು ನಮ್ಮನಮ್ಮಲ್ಲೇ ಗೊತ್ತುಮಾಡಿದೆವು. ಶಾಲೆಗೆ ರಜೆ, ವೀಸಾದಲ್ಲಿ ದಿನ ಉಳಿಯುತ್ತಿದ್ದವು. ಟಿಕೆಟ್ ಮಾಡುವ ಲೋಕಾಪುರದ ಏಜೆಂಟ್ ಮರಳುವ ತಾರೀಖು ಹೇಳಿ ಎಂದು ದಿನಾ ಫೋನ್ ಮಾಡತೊಡಗಿದ. ಅಷ್ಟರಲ್ಲಿ ಯಾನ್ನೆಕೆಯ ಮೆಸೇಜ್ ಬಂತು. ನೀವು ಬರುತ್ತಿರುವುದು ಬಹಳ ಸಂತೋಷ, ಎಷ್ಟು ದಿನ ಇರುತ್ತೀರಿ?

ಓದಿ ಹೇಳಿದೆ. ಅತ್ತೆಯ ಮುಖ ಸಣ್ಣದಾಯಿತು.

"ಎಷ್ಟ ದಿನ ಇರ್ತೀರಿ ಅಂದ್ರ ಯಾವಾಗ ಹೋಗ್ತೀರಿ ಅಂದಂಗಲ್ಲೇನು? ಬರೂಕಿಂತ ಮೊದಲ ಕೇಳೂದಾ ಇದು?"

"ಆಕಿ ಊರಾಗ ಹಂಗ ಕೇಳ್ತಾರ್ರಿ," ಎಂದೆ.

"ನಮ್ಮನ್ಯಾಗ ಮಳಿಗಾಲ ಪೂರ್ತಿ ಇದ್ದಾಳ. ನಾ ಒಮ್ಮಿ ಕೇಳೇನೇನು?"

ಈರಣ್ಣ ನಡುವೆ ಬಂದ. "ಸಿಟ್ಟ್ಯಾಕ? ಎರಡ ದಿನ ಅಂತ ಬರಿ. ಆಕಿನ ಅಂತಾಳ, ಇಷ್ಟ ದೂರ ಬಂದ ಎರಡ ದಿನ ಏನ, ತಿಂಗಳ ಇರ್ರಿ ಅಂತ. ಅವಾಗ ಹೂಂ ಅಂದ್ರಾತು."

ಇದು ಎಲ್ಲರಿಗೂ ಸರಿ ಕಂಡಿತು. ನಾಚಿಕೆಯ ಮಾತೆಂದರೆ ನನಗೂ ಸರಿ ಕಂಡಿತು, ಸೈಕಲ್ಲಿನ ಹತ್ತಿರ ಬಟ್ಟೆ ಒಣಹಾಕುತ್ತ ಕಾದಿದ್ದ ನನಗೂ. ತಿಂಗಳು ಎಂದು ಬರೆಯಲು ಬೆರಳೇ ಏಳಲಿಲ್ಲ, ಹಸಿದ ಮಂದಿ ಎಂದುಕೊಂಡರೆ? ಎರಡೇ ದಿನ ಸಾಕು, ನಿಮಗೆ ತೊಂದರೆ ಬೇಡ ಎಂದು ಬರೆದು ಕಳಿಸಿದೆ. ಮೂವರೂ ಫೋನ್ ಸುತ್ತ ಕೂತೆವು. ಉತ್ತರ ಬಂತು. ಸರಿ, ಎರಡು ದಿನ, ತಿಳಿಸಿದ್ದಕ್ಕೆ ಧನ್ಯವಾದ.

ಆಮೇಲೆ ಈರಣ್ಣನೇ, "ಮೆಸೇಜಿನ್ಯಾಗ ಏನ ಅಂತಾರ ಬಿಡು. ಹ್ವಾದ ಮ್ಯಾಲ ಎದುರಿಗಿ ಅಂತಾಳ," ಎಂದು ಧೈರ್ಯ ಹೇಳಿದ. ಬದಲಿಸಲು ಬರುವಂಥ ಟಿಕೆಟ್ ತೆಗೆಸಿದ. ಅತ್ತೆ ಕಡಕ್ ರೊಟ್ಟಿಯ ಕಟ್ಟು ಕಟ್ಟಿದರು, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಕುಟ್ಟಿದರು. ಇಷ್ಟೊಂದು ಯಾಕೆ ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಡೆಲ್ಫ್ಟಿನಲ್ಲಿ ನಾವು ಇಳಿದ ದಿನ ಜಿಟಿಜಿಟಿ ಮಳೆ. ಮನೆಗಳ ಬುಡದಲ್ಲೇ ಕಾಲುವೆ, ನೀರು ಅಲುಗಾಡದೆ ಹಸಿರಾಗಿ ನಿಂತಿತ್ತು. ಕಲ್ಲಿನ ಸಣ್ಣ ಸೇತುವೆಗಳು, ಅವುಗಳ ಕಟಾಂಜನಕ್ಕೆ ಒರಗಿದ ಸೈಕಲ್ಲುಗಳು, ಒಂದು ಪಕ್ಕಕ್ಕೆ ವಾಲಿಯೂ ಬೀಳದ ಹಳೆಯ ಚರ್ಚಿನ ಗೋಪುರ. ಯಾನ್ನೆಕೆ ನಮ್ಮನ್ನು ತಬ್ಬಿಕೊಂಡಳು. ಬನಹಟ್ಟಿಯ ಸೀರೆಯನ್ನು ಕಿಟಕಿಗೆ ಪರದೆ ಮಾಡಿ ಹಾಕಿದ್ದಳು. ನಾನು ಸೂಟ್‌ಕೇಸ್ ತೆಗೆದಾಗ ಅವಳು ಹತ್ತಿರವೇ ಇದ್ದಳು. ರೊಟ್ಟಿಯ ಕಟ್ಟು, ಹಿಂಡಿಯ ಡಬ್ಬಿಗಳು ಒಂದರ ಮೇಲೊಂದು. ಎರಡು ದಿನಕ್ಕೆ ಇಷ್ಟೊಂದೇ ಎಂದು ನಕ್ಕಳು.

"ನಿನಗೆಂದು," ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಈರಣ್ಣ ಕೂಡ ತಲೆಯಾಡಿಸಿದ.

ಎರಡು ದಿನದಲ್ಲಿ ಏನೇನು ತೋರಿಸಬಹುದೋ ಎಲ್ಲವನ್ನೂ ಅವಳು ತೋರಿಸಿದಳು. ದೊಡ್ಡ ಚೌಕ, ಚರ್ಚುಗಳು, ನೀಲಿ ಚಿತ್ರ ಬರೆಯುವ ಪಿಂಗಾಣಿಯವರು, ಕಾಲುವೆಯ ನೀರನ್ನು ಏರಿಸಿ ಇಳಿಸುವ ಬಾಗಿಲು. ಅವಳು ಮುಂದೆ, ನಾವು ಹಿಂದೆ, ಓಡು ನಡಿಗೆ. ಡೆಲ್ಫ್ಟಿಗೆ ಎರಡು ದಿನ ಸಾಕು ಎಂದು ಹೋಗಿಬಂದವರು ಈಗಲೂ ನನಗೆ ಹೇಳುತ್ತಾರೆ. ನೋಡುವುದಕ್ಕೆ ಸಾಕಿರಬಹುದು. ನಾನು ನೋಡಲು ಹೋಗಿರಲಿಲ್ಲ.

ಎರಡನೆಯ ದಿನ ಸಂಜೆ ಕೊಡೆ ಇಡಲು ಅವಳ ಹಿತ್ತಲಿನ ಚಪ್ಪರಕ್ಕೆ ಹೋದೆ. ಎರಡು ಸೈಕಲ್ ನಿಂತಿದ್ದವು. ಒಂದು ಅವಳಷ್ಟೇ ಎತ್ತರದ್ದು. ಇನ್ನೊಂದರ ಸೀಟು ಕೆಳಗಿಳಿಸಿತ್ತು, ನನ್ನ ಎತ್ತರಕ್ಕೆ. ಅವಳು ಹಿಂದೆ ಬಂದು ನಿಂತು, ಇದನ್ನು ನಿನಗೆಂದೇ ತಂದಿಟ್ಟಿದ್ದೆ ಎಂದಳು. ತಿಂಗಳ ರಜೆಯನ್ನೂ ಕೇಳಿ ಇಟ್ಟುಕೊಂಡಿದ್ದಳಂತೆ. ಎರಡೇ ದಿನ ಎಂದು ನಾನು ಬರೆದ ಮೇಲೆ ರಜೆ ವಾಪಸ್ ಕೊಟ್ಟಳಂತೆ. ಸಮುದ್ರಕ್ಕೆ ಹೋಗಿಬರಲು ನಿನ್ನ ವೇಗಕ್ಕೆ ಇಡೀ ದಿನ ಬೇಕು, ನಿಮಗೆ ಸಮಯವಿಲ್ಲ ಎಂದಳು. ಬೇಸರವಿತ್ತು ಧ್ವನಿಯಲ್ಲಿ, ದೂರು ಇರಲಿಲ್ಲ. ನಾವು ಇರಲೇ ಎಂದು ಆಗ ಕೇಳಬೇಕಿತ್ತು. ನನ್ನ ಕೈ ಸೀಟಿನ ಮೇಲಿತ್ತು, ಬಾಯಲ್ಲಿ ಮಾತಿತ್ತು. ಅವಳೇ ಅನ್ನಲಿ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಬಾಗಿಲ ಹತ್ತಿರ ನನ್ನ ಕಣ್ಣು ಮೊದಲು ಹೋದದ್ದು ಚಪ್ಪಲಿಯ ಕಡೆ. ಕಾಣದಿದ್ದರೆ ಸಾಕು ಎಂದು ದೇವರನ್ನು ಬೇಡಿಕೊಂಡಿದ್ದೆ. ಇದ್ದವು. ಕೆಸರು ಒರೆಸಿ, ಮೂತಿ ಹೊರಗೆ ಮಾಡಿ, ಜೋಡಿಸಿ ಇಟ್ಟಿದ್ದಳು, ನಮಗೆ ಹಾಕಿಕೊಳ್ಳಲು ಸುಲಭವಾಗಲೆಂದು. ಈರಣ್ಣ ಅವನ್ನು ನೋಡಿದ, ನನ್ನನ್ನು ನೋಡಿದ, ಕಾಲು ತೂರಿಸಿದ.

ಅವಳೂ ಸ್ಟೇಷನ್ನಿಗೆ ಬಂದಳು. ರೈಲಿಗೆ ಇನ್ನೂ ಹೊತ್ತಿತ್ತು. ನಾವು ಮೂವರೂ ಹಳಿ ನೋಡುತ್ತ ನಿಂತಿದ್ದಾಗ ಅವಳು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, ಅತ್ತೆ ಕಲಿಸಿದ ಕನ್ನಡದಲ್ಲಿ ಹೇಳಿದಳು.

"ಇನ್ನೆರಡ ದಿನ ಇದ್ದ ಹೋಗ್ರಿ."

ಮುಖ ಕೆಂಪಾಗಿತ್ತು. ಅವಳ ಊರಿನಲ್ಲಿ, ಹೊರಡುತ್ತೇನೆ ಎಂದವರಿಗೆ ಹಾಗೆ ಹೇಳುವುದು ಎಂಥ ಅಧಿಕಪ್ರಸಂಗವೋ, ಆದರೂ ಹೇಳಿದ್ದಳು. ಈರಣ್ಣ ನನ್ನ ಮೊಣಕೈ ತಿವಿದ. ಮತ್ತು ನಾನು ನಕ್ಕು, ತಲೆ ಓರೆ ಮಾಡಿ, ನನ್ನ ಅವ್ವ, ನನ್ನ ಅಕ್ಕ, ನಮ್ಮ ಓಣಿಯ ಎಲ್ಲ ಹೆಂಗಸರು ಮೊದಲನೇ ಸಲಕ್ಕೆ ಹೇಳುವುದನ್ನೇ ಹೇಳಿದೆ.

"ಛೇ ಛೇ, ಬ್ಯಾಡ್ರಿ. ಇನ್ನೊಮ್ಮಿ ಬರ್ತೇವಿ."

ಅವಳು ತಲೆಯಾಡಿಸಿದಳು. ನಾನು ಎರಡನೇ ಸಲಕ್ಕೆ ಕಾದೆ. ರೈಲು ಬಂತು. ಈರಣ್ಣ ಸೂಟ್‌ಕೇಸ್ ಎತ್ತಿ ಒಳಗಿಟ್ಟ. ಇಷ್ಟು ಖಾರ ತನಗಾಗದೆಂದು ಯಾನ್ನೆಕೆ ಮರಳಿ ಒಳಗಿಟ್ಟ ಡಬ್ಬಿಗಳಲ್ಲಿ ಒಂದರ ಮುಚ್ಚಳ ಬಿಚ್ಚಿರಬೇಕು, ವಿಮಾನ ನಿಲ್ದಾಣದ ತನಕ ಬೋಗಿ ತುಂಬ ಅಗಸಿ ಹಿಂಡಿ ವಾಸನೆ, ಎದುರಿನ ಮುದುಕ ಎದ್ದು ಬೇರೆ ಕಡೆ ಹೋಗಿ ಕೂತ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಕೇಳಿದವಳಿಗೆ ಇಲ್ಲ ಎಂದು, ಕೇಳಲಿಲ್ಲ ಎಂದು ಅಳುತ್ತ ಕೂತವಳು ನಾನು.

ಊರಿಗೆ ಬಂದ ಮೇಲೆ ಮೆಸೇಜುಗಳು ತೆಳ್ಳಗಾದವು. ಹಬ್ಬಕ್ಕೊಂದು, ಹೊಳೆ ಬಂದಾಗೊಂದು. ನಮಗೇ ತನ್ನ ಜೊತೆ ಇರುವ ಮನಸ್ಸಿಲ್ಲ ಎಂದು ಅವಳು ತಿಳಿದಿದ್ದಾಳೆಂದು ನನಗೆ ಗೊತ್ತಿತ್ತು. ಬಿಡಿಸಿ ಹೇಳಲು ಮುಖವಿರಲಿಲ್ಲ. ಹಳೆಯ ಸೈಕಲ್ಲಿಗೆ ಮತ್ತೆ ಜೇಡ ಬಲೆ ಕಟ್ಟಿತು.

ಕಳೆದ ವಾರ ಅವಳ ಮೆಸೇಜ್ ಬಂತು. ಈ ಮಳೆಗಾಲದಲ್ಲಿ ಬ್ಯಾರೇಜಿನ ಕೆಲಸಕ್ಕೆ ಮತ್ತೆ ಬರುತ್ತಿದ್ದಾಳೆ. ಕೆಲಸ ಮುಗಿಯುವವರೆಗೆ ಲಾಡ್ಜಿನಲ್ಲಿ ಇರುತ್ತಾಳಂತೆ. ನಿಮ್ಮ ಮನೆಗೂ ಬರುತ್ತೇನೆ, ಎರಡೇ ದಿನ ಸಾಕು, ನಿಮಗೆ ತೊಂದರೆ ಬೇಡ ಎಂದು ಬರೆದಿದ್ದಳು. ನನ್ನ ಮಾತನ್ನೇ, ಅಕ್ಷರ ತಪ್ಪದೆ. ಅತ್ತೆಗೆ ಓದಿ ಹೇಳಿದೆ. ಮೊದಲನೇ ಸಲಕ್ಕೇ ಆಗಲಿ ಎನ್ನುತ್ತಿದ್ದವಳು ನಮ್ಮಿಂದ ಇದನ್ನು ಕಲಿತಿದ್ದಳು.

ಮೇಲಿನ ಕೋಣೆ ತೆರವು ಮಾಡಲು ಹೊರಟದ್ದು ಅದಕ್ಕೇ. ಸೂಟ್‌ಕೇಸಿನ ಮುಚ್ಚಳ ಮುಚ್ಚಿದವಳು ಕೆಳಗೆ ಬಂದು ಫೋನ್ ಮಾಡಿದೆ. ಅತ್ತೆ ಪಕ್ಕದಲ್ಲಿ ಕೂತು ಬೇಳೆ ಆರಿಸುತ್ತಿದ್ದರು. ಏನೂ ಪೀಠಿಕೆ ಹಾಕಲಿಲ್ಲ. ಅವತ್ತು ಸ್ಟೇಷನ್ನಿನಲ್ಲಿ ನೀನು ಇನ್ನೊಮ್ಮೆ ಕೇಳಿದ್ದರೆ ನಾವು ಇರುತ್ತಿದ್ದೆವು ಎಂದೆ. ತಿಂಗಳು ಇರಲೆಂದೇ ಬಂದಿದ್ದೆವು, ಎರಡು ದಿನ ಎಂದದ್ದು ಸುಳ್ಳು, ರೊಟ್ಟಿ ನಿನಗೆಂದು ತಂದದ್ದೂ ಸುಳ್ಳು ಎಂದೆ. ನಮ್ಮ ಮೂರು ಸಲದ ಕಥೆಯನ್ನು ಕ್ಲಾಸಿನಲ್ಲಿ ಹೇಳುವಂತೆ ಹೇಳಿದೆ. ಹೇಳುತ್ತ ಹೇಳುತ್ತ ಎಲ್ಲಿಗೆ ಹೋಗಿ ನಿಲ್ಲುತ್ತೇನೆಂದು ನನಗೆ ಹೊಳೆದಿರಲಿಲ್ಲ.

ಅವಳಿಗೆ ಹೊಳೆಯಿತು. ಕೇಳಿದಳು. "ಸುವರ್ಣಾ, ಹಾಗಾದರೆ ಆ ಮಳೆಗಾಲದಲ್ಲಿ ನೀವು ನನಗೆ ಇರಿ ಅಂದದ್ದು?"

ನಾಲಿಗೆಯ ತುದಿಯಲ್ಲಿ ಛೇ ಛೇ ಬಂದು ನಿಂತಿತ್ತು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ನನ್ನ ಮುಖ ನೋಡಿ ಬೇಳೆಯ ಮೇಲೆ ಕೈ ನಿಲ್ಲಿಸಿದರು.

"ಮೊದಲು ಬರೀ ಬಾಯಿಮಾತು," ಎಂದೆ. "ನೀನು ಯಾವಾಗ ಹೋಗುತ್ತೀಯೋ ಎಂದು ಅಡುಗೆಮನೆಯಲ್ಲಿ ಬೈದಿದ್ದೇನೆ. ಬೂಟು ಅಡಗಿಸಿದ್ದು ಕೂಡ ನಮ್ಮಲ್ಲಿ ಹಾಗೆ ಮಾಡುತ್ತಾರೆಂದು. ಬೇವಿನ ಗಿಡದ ತನಕ ಸೈಕಲ್ ಹೊಡೆದೆನಲ್ಲ, ಅವತ್ತಿನಿಂದ ನಿಜ."

ಫೋನಿನಲ್ಲಿ ಅವಳ ಬೀದಿಯ ಸೈಕಲ್ಲಿನ ಗಂಟೆಯೊಂದು ಹೋದದ್ದು ಕೇಳಿಸಿತು. ಬೂಟು ಸಿಕ್ಕಾಗ ಅವಳ ಕಣ್ಣಲ್ಲಿ ಬಂದಿದ್ದ ನೀರು ನೆನಪಾಗಿ ನಾನೇ ಫೋನ್ ಇಟ್ಟುಬಿಡಬೇಕೆಂದಿದ್ದೆ.

"ಹಂಗಾದ್ರ," ಎಂದಳು ಯಾನ್ನೆಕೆ, ಅತ್ತೆಯ ಕನ್ನಡದಲ್ಲಿ, ನಿಧಾನವಾಗಿ. "ಎಷ್ಟ ದಿನ ಇರ್ಲಿ?"

ನಾನು ಅತ್ತೆಯ ಕಡೆ ನೋಡಿದೆ.

"ಹೇಳವಾ," ಎಂದರು ಅತ್ತೆ. "ಕೇಳಾಕತ್ತಾಳಲ್ಲ."

"ಹೊಳಿ ಇಳಿಯೂ ತನಕ," ಎಂದೆ.

"ಆತು," ಎಂದಳು, ಫೋನ್ ಇಟ್ಟಳು. ಇನ್ನೊಮ್ಮೆ ಹೇಳಲು ತೆರೆದ ನನ್ನ ಬಾಯಿ ಹಾಗೇ ಇತ್ತು.